ಮನೆಗೊಂದು ಆರ್ಕೇಡ್ ಕ್ಯಾಬಿನೆಟ್: ಪೆಟ್ಟಿಗೆ, ಸ್ಟಿಕ್, ಸ್ಕ್ರೀನ್, ಬೋರ್ಡ್ ಆರಿಸುವ ಬಗೆ

ವಿಡಿಯೋ ಗೇಮ್ ಅಂಗಡಿಗಳಲ್ಲಿದ್ದಂಥ ಆಟದ ಪೆಟ್ಟಿಗೆಯನ್ನು, ಅಂದರೆ ಆರ್ಕೇಡ್ ಕ್ಯಾಬಿನೆಟ್ಟನ್ನು, ಮನೆಯಲ್ಲೇ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೊಳ್ಳುವುದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು. ಆಮೇಲೆ ಪ್ಲೈವುಡ್, ಮಾನಿಟರ್, ಬಣ್ಣದ ಲೈಟು. ದುಡ್ಡೆಲ್ಲ ಕರಗಿದ ಮೇಲೆ ಉಳಿದ ಚಿಲ್ಲರೆಯಲ್ಲಿ ಜಾಯ್‌ಸ್ಟಿಕ್ಕು, ಬಟನ್ನು. ಲೆಕ್ಕ ತಲೆಕೆಳಗಾಗುವುದೇ ಇಲ್ಲಿ. ಒಳಗಿನ ಬೋರ್ಡನ್ನು ಮುಂದಿನ ವರ್ಷ ಅರ್ಧ ಗಂಟೆಯಲ್ಲಿ ಬದಲಿಸಬಹುದು. ಹಲಗೆಗೆ ಕೊರೆದ ತೂತು ಮಾತ್ರ ಕೊರೆದದ್ದೇ. ಕೈ ತಾಗುವ ಭಾಗಕ್ಕೆ ಮೊದಲ ದುಡ್ಡು, ಸ್ಕ್ರೀನಿಗೆ ಎರಡನೆಯದು, ಒಳಗೆ ಅಡಗಿ ಕೂರುವ ಕಂಪ್ಯೂಟರಿಗೆ ಕೊನೆಯದು. ಕೆಳಗಿನ ಹೋಲಿಕೆಗಳೆಲ್ಲ ಈ ಲೆಕ್ಕದ ಮೇಲೆ ನಿಂತಿವೆ.

ಮೊದಲು ಗೇಮುಗಳ ಪಟ್ಟಿ ಬರೆಯಿರಿ

ಸಾವಿರಾರು ಗೇಮ್ ತುಂಬಿಸಿಟ್ಟರೂ ಆಡುವುದು ಹದಿನೈದೋ ಇಪ್ಪತ್ತೋ. ಆ ಇಪ್ಪತ್ತನ್ನು ಕಾಗದದ ಮೇಲೆ ಬರೆದು, ಪ್ರತಿಯೊಂದರ ಮುಂದೆ ಮೂರು ಸಂಗತಿ ಗುರುತು ಮಾಡಿ: ಸ್ಕ್ರೀನ್ ಅಡ್ಡವೋ ಉದ್ದವೋ, ಸ್ಟಿಕ್ ನಾಲ್ಕು ದಿಕ್ಕೋ ಎಂಟು ದಿಕ್ಕೋ, ಬಟನ್ ಎಷ್ಟು.

ಪ್ಯಾಕ್‌ಮ್ಯಾನ್ (1980), ಡಾಂಕಿ ಕಾಂಗ್ (1981), ಗ್ಯಾಲಗ (1981), 1942 (1984) ಇವೆಲ್ಲ ಉದ್ದ ನಿಲ್ಲಿಸಿದ ಸ್ಕ್ರೀನಿನ ಗೇಮುಗಳು. ಪ್ಯಾಕ್‌ಮ್ಯಾನ್‌ಗೆ ಬಟನ್ನೇ ಬೇಡ, ನಾಲ್ಕು ದಿಕ್ಕಿನ ಸ್ಟಿಕ್ ಸಾಕು. ಸ್ಟ್ರೀಟ್ ಫೈಟರ್ 2 (1991) ಅಡ್ಡ ಸ್ಕ್ರೀನು, ಎಂಟು ದಿಕ್ಕು, ಆರು ಬಟನ್. ಕಿಂಗ್ ಆಫ್ ಫೈಟರ್ಸ್ 97ಕ್ಕೆ ನಾಲ್ಕು, ಮೆಟಲ್ ಸ್ಲಗ್‌ಗೆ (1996) ಮೂರು. ನಮ್ಮ ಕಡೆಯ ವಿಡಿಯೋ ಗೇಮ್ ಅಂಗಡಿಗಳಲ್ಲಿ ಹುಡುಗರು ‘ಮುಸ್ತಫಾ’ ಎಂದೇ ಕರೆಯುತ್ತಿದ್ದ ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್‌ಗೆ (1993) ಎರಡೇ ಬಟನ್. ಪಟ್ಟಿಯಲ್ಲಿ ಫೈಟಿಂಗ್ ಗೇಮ್ ಒಂದೂ ಇಲ್ಲದಿದ್ದರೆ ಆರು ಬಟನ್ ಕೊರೆಯಲೇಬೇಡಿ. ಮೂರು ಬಟನ್‌ನ ಪ್ಯಾನೆಲ್ ನೋಡಲೂ ಚೆಂದ, ಮಕ್ಕಳಿಗೂ ಗೊಂದಲವಿಲ್ಲ.

ಪೆಟ್ಟಿಗೆಯ ಆಕಾರ: ಮನೆ ನೋಡಿ ತೀರ್ಮಾನಿಸಿ

ಆಯ್ಕೆ ನಾಲ್ಕು. ಆಳೆತ್ತರದ ಪೂರ್ಣ ಕ್ಯಾಬಿನೆಟ್. ಮೇಜಿನ ಮೇಲಿಡುವ ಬಾರ್‌ಟಾಪ್. ಎದುರು ಬದುರು ಕೂತು ಆಡುವ ಕಾಕ್‌ಟೇಲ್ ಟೇಬಲ್. ಟಿವಿಗೆ ಸಿಕ್ಕಿಸುವ ಬರೀ ಕಂಟ್ರೋಲ್ ಬಾಕ್ಸ್.

ಪೂರ್ಣ ಕ್ಯಾಬಿನೆಟ್‌ಗೆ ಸುಮಾರು 175 ಸೆಂ.ಮೀ. ಎತ್ತರ, 60ರಿಂದ 68 ಸೆಂ.ಮೀ. ಅಗಲ ಬೇಕು. ಹಲಗೆಯ ಲೆಕ್ಕ ಹೀಗೆ: ಎಂಟಡಿ ನಾಲ್ಕಡಿ ಹಾಳೆ ಅಂದರೆ 2440 × 1220 ಮಿ.ಮೀ. ಅದನ್ನು ಉದ್ದಕ್ಕೆ ಎರಡಾಗಿ ಸೀಳಿದರೆ ಗರಗಸ ತಿಂದದ್ದು ಕಳೆದು ಒಂದೊಂದು ಪಕ್ಕದ ಆಳ 60 ಸೆಂ.ಮೀ. ಹತ್ತಿರ ನಿಲ್ಲುತ್ತದೆ. ಹೀಗೆ ಎರಡೂ ಪಕ್ಕ ಒಂದೇ ಹಾಳೆಯಲ್ಲಿ ಬಂದು, ಕೆಳಗೆ ಸುಮಾರು 69 ಸೆಂ.ಮೀ. ತುಂಡು ಉಳಿಯುತ್ತದೆ, ಕಂಟ್ರೋಲ್ ಪ್ಯಾನೆಲ್, ಮಾರ್ಕಿ (ನೆತ್ತಿಯಲ್ಲಿ ಹೆಸರು ಬೆಳಗುವ ಫಲಕ), ಸ್ಪೀಕರ್ ಹಲಗೆ ಅದರಲ್ಲೇ ಆಗುತ್ತವೆ. ಹಿಂಬದಿ, ಮುಂಭಾಗ, ತಳ, ನೆತ್ತಿಗೆ ಎರಡನೇ ಹಾಳೆ. ಅಂತರ್ಜಾಲದಲ್ಲಿ ಸಿಗುವ ನಕ್ಷೆಗಳಲ್ಲಿ ಆಳ 70 ಸೆಂ.ಮೀ. ದಾಟಿದ್ದರೆ ಪಕ್ಕಕ್ಕೊಂದರಂತೆ ಹಾಳೆ ಖರ್ಚಾಗಿ ಮೂರು ಬೇಕಾಗುತ್ತದೆ. ಹತ್ತು ಸೆಂ.ಮೀ. ಆಳಕ್ಕಾಗಿ ಒಂದು ಹಾಳೆ ಹೆಚ್ಚು ಕೊಳ್ಳುವುದು ದಂಡ.

ತೂಕದ ಮಾತು ಬೇರೆ. 18 ಮಿ.ಮೀ. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಹಾಳೆಯೊಂದು ಹತ್ತಿರ ಹತ್ತಿರ 40 ಕೆ.ಜಿ., ಪ್ಲೈವುಡ್ ಆದರೆ 30ರಿಂದ 35. ಎರಡು ಹಾಳೆಯ ಎಂಡಿಎಫ್ ಪೆಟ್ಟಿಗೆಗೆ ಮಾನಿಟರ್, ಗಾಜು ಸೇರಿಸಿದರೆ ಇಬ್ಬರು ಎತ್ತಿ ಮೆಟ್ಟಿಲು ಹತ್ತುವ ಸಾಮಾನಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಲಿಫ್ಟ್ ಬಾಗಿಲು ಬಹಳ ಕಡೆ 80 ಸೆಂ.ಮೀ. ಮಾತ್ರ, ಪೆಟ್ಟಿಗೆ ದಾಟುತ್ತದೆ, ಜೊತೆಗೆ ಜನ ನಿಲ್ಲಲು ಜಾಗ ಇರುವುದಿಲ್ಲ. ಮೊದಲನೇ ಮಹಡಿಯ ಬಾಡಿಗೆ ಮನೆಯಾಗಿ, ಮೆಟ್ಟಿಲು ಹೊರಗಡೆ ಮೂರಡಿ ಅಗಲದಲ್ಲಿ ತಿರುವು ಹೊಡೆದಿದ್ದರೆ ಒಂದೇ ತುಂಡಿನ ಕ್ಯಾಬಿನೆಟ್ ಆಸೆ ಬಿಡಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದ ದಿನ ಅದನ್ನು ಇಳಿಸಬೇಕಾದವರೂ ನೀವೇ.

ಬಾರ್‌ಟಾಪ್ ಒಂದೇ ಹಾಳೆಯಲ್ಲಿ, ಅದೂ 12 ಮಿ.ಮೀ. ಹಾಳೆಯಲ್ಲಿ ಮುಗಿಯುತ್ತದೆ. ಅದರ ತೊಂದರೆ ಎತ್ತರದ್ದು. ಊಟದ ಮೇಜು ಸುಮಾರು 75 ಸೆಂ.ಮೀ.; ಅದರ ಮೇಲೆ ಬಾರ್‌ಟಾಪ್ ಇಟ್ಟರೆ ಬಟನ್‌ಗಳು 85ರಿಂದ 88ಕ್ಕೆ ಬರುತ್ತವೆ. ಕುರ್ಚಿಯಲ್ಲಿ ಕೂತವರಿಗೆ ಭುಜ ಎತ್ತಿ ಆಡಬೇಕು, ನಿಂತವರಿಗೆ ಬೆನ್ನು ಬಗ್ಗಿಸಬೇಕು. ಕೂತು ಆಡಲು ಪ್ಯಾನೆಲ್ 65ರಿಂದ 70 ಸೆಂ.ಮೀ., ನಿಂತು ಆಡಲು 91ರಿಂದ 97 ಸೆಂ.ಮೀ. ಇದ್ದರೆ ಸರಿ. ನಡುವಿನ ಎತ್ತರ ಯಾರಿಗೂ ಒಗ್ಗದು.

ಹಾಗಾಗಿ ಬಾಡಿಗೆ ಮನೆಯವರಿಗೆ ಸರಿಹೊಂದುವುದು ಎರಡು ತುಂಡಿನ ಕ್ಯಾಬಿನೆಟ್: ಮೇಲೆ ಬಾರ್‌ಟಾಪ್, ಕೆಳಗೆ ಅದೇ ಅಗಲದ 80 ಸೆಂ.ಮೀ. ಸ್ಟ್ಯಾಂಡ್, ನಡುವೆ ನಾಲ್ಕು ಎಂ8 ಬೋಲ್ಟು. ಬೋಲ್ಟ್ ಕೂರುವ ಕಡೆ ಬರೀ ಸ್ಕ್ರೂ ಹಾಕದೆ ಮರದೊಳಗೆ ಕೂರುವ ಲೋಹದ ಇನ್ಸರ್ಟ್ ನಟ್ ಅಥವಾ ಟಿ-ನಟ್ ಹೊಡೆಸಿ. ಪದೇ ಪದೇ ಬಿಚ್ಚಿ ಹಾಕಿದರೆ ಮರದ ತೂತು ಸಡಿಲವಾಗುತ್ತದೆ. ಮುಂದಿನಿಂದ ನೋಡಿದರೆ ಪೂರ್ಣ ಕ್ಯಾಬಿನೆಟ್ಟೇ. ಸ್ಟ್ಯಾಂಡ್ ಒಳಗೆ ಅಡ್ಡ ಹಲಗೆ ಹಾಕಿ ಬಾಗಿಲಿಟ್ಟರೆ ಮನೆಯವರಿಗೂ ಒಂದು ಕಪಾಟು ಸಿಕ್ಕಂತಾಗುತ್ತದೆ. ಮಂಜೂರಾತಿ ಪಡೆಯಲು ಇದು ಸಣ್ಣ ವಿಷಯವಲ್ಲ.

ಕಾಕ್‌ಟೇಲ್ ಟೇಬಲ್ ನೋಡಲು ಸೊಗಸು, ಆದರೆ ಆಡುವವನ ಸರದಿಗೆ ತಕ್ಕಂತೆ ಚಿತ್ರ ತಿರುಗುವ ಗೇಮುಗಳು ಪ್ಯಾಕ್‌ಮ್ಯಾನ್, ಗ್ಯಾಲಗ ಕಾಲದವು ಮಾತ್ರ. ಫೈಟಿಂಗ್ ಗೇಮಿನಲ್ಲಿ ಒಬ್ಬರಿಗೆ ಚಿತ್ರ ತಲೆಕೆಳಗು. ಹಳೆಯ ಗೇಮುಗಳ ಪ್ರೇಮಿಗಳಿಗೆ ಮಾತ್ರ ಇದು. ಕಂಟ್ರೋಲ್ ಬಾಕ್ಸ್ ಎಲ್ಲಕ್ಕಿಂತ ಅಗ್ಗ. ಹಲಗೆ ಕೆಲಸ ಕಲಿಯಲು, ಬಟನ್ ಅಂತರ ಕೈಗೆ ಒಗ್ಗುತ್ತದೋ ನೋಡಲು ಇದರಿಂದ ಶುರು ಮಾಡುವುದು ಜಾಣತನ. ಮುಂದೆ ಕ್ಯಾಬಿನೆಟ್ ಮಾಡಿದಾಗ ಇದರ ಸಾಮಾನೆಲ್ಲ ಅಲ್ಲಿಗೇ ಹೋಗುತ್ತದೆ.

ಹಲಗೆ: ಎಂಡಿಎಫೋ, ಪ್ಲೈಯೋ?

ಅಮೆರಿಕದ ಬಹಳಷ್ಟು ನಕ್ಷೆಗಳು ಎಂಡಿಎಫ್ ಎನ್ನುತ್ತವೆ. ಮೇಲ್ಮೈ ನುಣುಪು, ಬಣ್ಣ ಚೆನ್ನಾಗಿ ಕೂರುತ್ತದೆ, ರೌಟರ್ (ಮರ ಕೊರೆಯುವ ಯಂತ್ರ) ಹೊಡೆದರೆ ಅಂಚು ಸೀಳುವುದಿಲ್ಲ, ಇದೆಲ್ಲ ನಿಜ. ನಮ್ಮ ಮನೆಗಳಲ್ಲಿ ಮಾತ್ರ ಅದಕ್ಕೊಂದು ಶತ್ರು ಇದೆ: ನೆಲ ಒರೆಸುವ ಒದ್ದೆ ಬಟ್ಟೆ. ದಿನವೂ ತಳದ ಅಂಚಿಗೆ ನೀರು ತಾಗಿ, ಕೆಲವೇ ತಿಂಗಳಲ್ಲಿ ಕೆಳಗಿನ ಒಂದು ಇಂಚು ಉಬ್ಬಿ ಬಣ್ಣ ಬಿರಿಯುತ್ತದೆ. ಉಬ್ಬಿದ ಎಂಡಿಎಫ್ ಮತ್ತೆ ಇಳಿಯುವುದಿಲ್ಲ. ಎಂಡಿಎಫೇ ಬೇಕೆಂದರೆ ತಳದ ಅಂಚಿಗೆ ಎರಡು ಕೋಟ್ ಸೀಲರ್ ಹೊಡೆದು, ಕನಿಷ್ಠ 25 ಮಿ.ಮೀ. ರಬ್ಬರ್ ಬುಷ್ ಅಥವಾ ಗಾಲಿ ಹಾಕಿ ನೆಲದಿಂದ ಎತ್ತಿ. ಕೊಯ್ಯುವಾಗ ಏಳುವ ಪುಡಿ ಬಹಳ ಸಣ್ಣದು, ಅದರಲ್ಲಿ ಫಾರ್ಮಾಲ್ಡಿಹೈಡ್ ಅಂಟಿನ ಅಂಶ ಇರುತ್ತದೆ. ಬಾಲ್ಕನಿಯಲ್ಲಿ ಮಾಸ್ಕ್ ಹಾಕಿಯೇ ಕೊಯ್ಯಿರಿ.

ಪ್ಲೈವುಡ್‌ನಲ್ಲಿ ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರು ತಾಳುವ) ದರ್ಜೆ ಸಾಕು. ಐಎಸ್ 710ರ ಮರೀನ್ ಪ್ಲೈ ಅಡುಗೆಮನೆ ಸಿಂಕಿನ ಕೆಳಗೆ ಬೇಕಾದದ್ದು, ಇಲ್ಲಿಗೆ ದುಬಾರಿ ಆಯ್ತು. ಅಗ್ಗದ ಕಮರ್ಷಿಯಲ್ ಪ್ಲೈ ತಂದರೆ ಒಳಪದರಗಳಲ್ಲಿ ಟೊಳ್ಳು ಇರುತ್ತದೆ. ಬಟನ್ ತೂತು ಸರಿಯಾಗಿ ಅಂಥ ಟೊಳ್ಳಿನ ಮೇಲೆ ಬಿದ್ದರೆ ಪದರ ಕಿತ್ತು ಬರುತ್ತದೆ. ಹಾಳೆ ಕೊಳ್ಳುವಾಗ ನಾಲ್ಕೂ ಅಂಚು ನೋಡಿ, ಬೆರಳ ಗಂಟಿನಿಂದ ಅಲ್ಲಲ್ಲಿ ತಟ್ಟಿ. ಟೊಳ್ಳಿದ್ದ ಕಡೆ ಸದ್ದು ಬೇರೆಯಾಗುತ್ತದೆ. ಇನ್ನೊಂದು ಸಂಗತಿ, 18 ಮಿ.ಮೀ. ಎಂದು ಮಾರುವ ಹಾಳೆ ಅಳೆದರೆ 17ಕ್ಕೆ ಹತ್ತಿರ ಇರುವುದುಂಟು. ಕ್ಯಾಲಿಪರ್ ಹಿಡಿದು ನಿಜವಾದ ದಪ್ಪ ನೋಡಿದ ಮೇಲೆಯೇ ಗ್ರೂವ್ ಸೀಳುವ, ಕಚ್ಚು ಕೂರಿಸುವ ಅಳತೆ ಬರೆಯಿರಿ.

ಎರಡರ ನಡುವೆ ಎಚ್‌ಡಿಎಚ್‌ಎಂಆರ್ ಹಲಗೆ ಇದೆ. ಎಂಡಿಎಫ್‌ಗಿಂತ ಗಟ್ಟಿ, ತೇವ ತಡೆಯುತ್ತದೆ, ತೂಕವೂ ಹೆಚ್ಚು. ಮರದ ಚೂರು ಒತ್ತಿ ಮೇಲೆ ಹೊದಿಕೆ ಹಾಕಿದ ಪ್ರಿಲ್ಯಾಮ್ ಪಾರ್ಟಿಕಲ್ ಬೋರ್ಡ್ ಬೇಡ. ಸ್ಟಿಕ್ಕನ್ನು ಎಳೆದಾಡುವ ಜಾಗದಲ್ಲಿ ಅದರ ಸ್ಕ್ರೂಗಳು ಪುಡಿ ಸಮೇತ ಈಚೆ ಬರುತ್ತವೆ.

ನಮ್ಮ ತೀರ್ಪು: ಪಕ್ಕಗಳಿಗೆ, ತಳಕ್ಕೆ ಪ್ಲೈ, ಅದರ ಮೇಲೆ ಮೈಕಾ, ಕಂಟ್ರೋಲ್ ಪ್ಯಾನೆಲ್ಲಿಗೆ ಮಾತ್ರ ಎಂಡಿಎಫ್. ಬಟನ್ ತೂತುಗಳು ಎಂಡಿಎಫ್‌ನಲ್ಲಿ ಅಚ್ಚುಕಟ್ಟಾಗಿ ಬರುತ್ತವೆ, ಆ ಹಲಗೆಗೆ ನೀರು ತಾಗುವ ಪ್ರಸಂಗವಿಲ್ಲ. ಅಂಚಿಗೆ ಹಳೆಯ ಕ್ಯಾಬಿನೆಟ್‌ಗಳಂತೆ ಟಿ-ಮೋಲ್ಡಿಂಗ್ (ಟಿ ಆಕಾರದ ಪ್ಲಾಸ್ಟಿಕ್ ಅಂಚುಪಟ್ಟಿ) ಬೇಕೆಂದರೆ ಆನ್‌ಲೈನ್‌ನಲ್ಲಿ ತರಿಸಿ, ಅಂಚಿನ ನಡುವೆ ಸಣ್ಣ ಗ್ರೂವ್ ಸೀಳಬೇಕು. ಅದಿಲ್ಲದಿದ್ದರೆ ಯಾವ ಪ್ಲೈವುಡ್ ಅಂಗಡಿಯಲ್ಲೂ ಸಿಗುವ 22 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಪಿವಿಸಿ ಎಡ್ಜ್ ಬ್ಯಾಂಡ್ ಅಂಟಿಸಿ, ಅಂಚು ಟ್ರಿಮ್ ಮಾಡಿ. ನಾಲ್ಕಡಿ ದೂರದಿಂದ ವ್ಯತ್ಯಾಸ ಕಾಣದು.

ಯಾರು ಕೊಯ್ಯಬೇಕು ಎನ್ನುವುದೂ ಒಂದು ಆಯ್ಕೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋದರೆ ಹಾಳೆಯೂ ಸಿಗುತ್ತದೆ, ನೇರ ಕೊಯ್ತವೂ ಅಲ್ಲೇ ಆಗುತ್ತದೆ. ಪೀಣ್ಯದ ಕಡೆಯ ವರ್ಕ್‌ಶಾಪ್‌ಗಳಲ್ಲಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ರೌಟರ್‌ಗೆ ನಕ್ಷೆಯ ಡಿಎಕ್ಸ್‌ಎಫ್ ಫೈಲ್ ಕೊಟ್ಟರೆ ಬಟನ್ ತೂತು ಸಮೇತ ಬರುತ್ತದೆ. ಫೈಲ್ ಮಿ.ಮೀ.ನಲ್ಲಿದೆಯೋ ಇಂಚಿನಲ್ಲಿದೆಯೋ ಎದುರಿಗೇ ಒಂದು ಅಳತೆ ತೆಗೆಸಿ ಖಾತ್ರಿ ಮಾಡಿ. 6 ಮಿ.ಮೀ. ಬಿಟ್ ಹಾಕುವ ಮೆಷಿನ್ ಒಳಮೂಲೆಗಳನ್ನು 3 ಮಿ.ಮೀ. ದುಂಡು ಬಿಡುತ್ತದೆ, ಕಚ್ಚಿನೊಳಗೆ ಚೌಕ ಹಲಗೆ ಕೂರುವುದಿಲ್ಲ. ನಕ್ಷೆಯಲ್ಲೇ ಮೂಲೆಗಳನ್ನು ಸ್ವಲ್ಪ ಹೊರಗೆ ಕೊರೆಯುವಂತೆ ಬರೆದಿರಬೇಕು. ಬಡಗಿಗೆ ಒಪ್ಪಿಸುವುದಾದರೆ ಪಕ್ಕದ ಹಲಗೆಯ ಪೂರ್ಣ ಅಳತೆಯ ರಟ್ಟು ಕತ್ತರಿಸಿ ಕೈಗೆ ಕೊಡಿ. ಬಾಯಲ್ಲಿ ಹೇಳಿದರೆ ವಾರ್ಡ್‌ರೋಬ್ ಬಂದು ನಿಲ್ಲುತ್ತದೆ.

ಕಂಟ್ರೋಲ್ ಪ್ಯಾನೆಲ್: ಇಲ್ಲಿ ಕೈ ಬಿಗಿ ಹಿಡಿಯಬೇಡಿ

ಸ್ಟಿಕ್‌ಗಳಲ್ಲಿ ಎರಡು ಪಂಥ. ಜಪಾನಿನದು ಗುಂಡು ತಲೆ, ಹಗುರ, ಬೆರಳಲ್ಲೇ ಆಡಿಸಬಹುದು. ಸನ್ವಾ ಕಂಪನಿಯ ಜೆಎಲ್‌ಎಫ್ ಇದರ ಮಾದರಿ. ಅಮೆರಿಕದ ಹ್ಯಾಪ್ ಬಗೆಯದು ಬ್ಯಾಟಿನಂಥ ತಲೆ, ಬಿಗಿ ಸ್ಪ್ರಿಂಗ್, ಮುಷ್ಟಿಯಲ್ಲಿ ಹಿಡಿದು ಎಳೆಯುವಂಥದ್ದು. ಫೈಟಿಂಗ್, ಶೂಟಿಂಗ್ ಗೇಮ್ ಹೆಚ್ಚಾದರೆ ಜಪಾನಿನದು. ಮಕ್ಕಳು, ನೆಂಟರು ಬಂದು ಜೋತು ಬೀಳುವ ಮನೆಯಾದರೆ ಅಮೆರಿಕದ್ದು ತಾಳುತ್ತದೆ.

ಮೂರನೆಯದು ಎಲ್ಲೆಡೆ ಸಿಗುವ ಚೀನಾ ಕಿಟ್: ಎರಡು ಸ್ಟಿಕ್, ಇಪ್ಪತ್ತು ಬಟನ್, ಎರಡು ‘ಝೀರೋ ಡಿಲೇ’ ಯುಎಸ್‌ಬಿ ಬೋರ್ಡ್, ವೈರು ಎಲ್ಲ ಒಂದೇ ಡಬ್ಬಿಯಲ್ಲಿ. ಒಂದು ಜೊತೆ ಅಸಲಿ ಸನ್ವಾ ಸ್ಟಿಕ್ಕಿಗೆ ಕೊಡುವ ದುಡ್ಡಿನಲ್ಲಿ ಇದು ಪೂರ್ತಿ ಬರುತ್ತದೆ. ಬಟನ್‌ಗಳು ಪರವಾಗಿಲ್ಲ. ಸ್ಟಿಕ್‌ಗಳ ಮೈಕ್ರೊಸ್ವಿಚ್ ಬೇಗ ಸೋಲುತ್ತದೆ. ಮೊದಲ ಲಕ್ಷಣ ಎಂದರೆ ಒಂದು ದಿಕ್ಕು ಒಮ್ಮೆ ತಗಲಿ ಒಮ್ಮೆ ತಗಲದೆ ಹೋಗುವುದು. ಮಧ್ಯಮ ದಾರಿ ಒಂದಿದೆ: ಕಿಟ್ ತಂದು, ಸ್ಟಿಕ್ ಮಾತ್ರ ಒಳ್ಳೆಯದಕ್ಕೆ ಬದಲಿಸಿ. ನಿಮ್ಮ ಕೈಗೆ ವ್ಯತ್ಯಾಸ ಗೊತ್ತಾಗುವುದು ಸ್ಟಿಕ್ಕಿನಲ್ಲೇ.

ಕೊಳ್ಳುವ ಮೊದಲು ಹಲಗೆಯ ದಪ್ಪ ತೀರ್ಮಾನವಾಗಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಒತ್ತಿ ಕೂರಿಸುವ ಸ್ನ್ಯಾಪ್-ಇನ್ ಬಟನ್‌ಗಳು, ಸನ್ವಾ ಒಬಿಎಸ್‌ಎಫ್-30ರಂಥವು, ತೆಳು ಲೋಹದ ಪ್ಯಾನೆಲ್ಲಿಗೆ ಮಾಡಿದವು, 18 ಮಿ.ಮೀ. ಮರದಲ್ಲಿ ಅವುಗಳ ಕಿವಿ ಬಿಚ್ಚಿಕೊಳ್ಳುವುದೇ ಇಲ್ಲ, ಎರಡು ದಿನದಲ್ಲಿ ಮೇಲೆದ್ದು ಬರುತ್ತವೆ. ಮರಕ್ಕೆ ಕೆಳಗಿನಿಂದ ನಟ್ ತಿರುಗಿಸುವ ಬಗೆಯದು ಬೇಕು, ಒಬಿಎಸ್‌ಎನ್-30 ತರಹದ್ದು. ಅದರ ತಿರುಪಿನ ಉದ್ದ ನಿಮ್ಮ ಹಲಗೆ ದಾಟುತ್ತದೋ ಅಳೆಯಿರಿ. ಅಮೆರಿಕದ ಬಟನ್‌ಗಳ ತಿರುಪು ಉದ್ದ, ಮುಕ್ಕಾಲು ಇಂಚಿನ ಮರಕ್ಕೆಂದೇ ಮಾಡಿದ್ದು. ಆದರೆ ಅವಕ್ಕೆ ತೂತು 28 ಮಿ.ಮೀ., ಜಪಾನಿನವಕ್ಕೆ 30. ಆಮೇಲೆ ಮನಸ್ಸು ಬದಲಾಯಿಸಿದರೆ 28ನ್ನು 30 ಮಾಡಬಹುದು, 30ನ್ನು 28 ಮಾಡಲಾಗದು.

ಸ್ಟಿಕ್ಕಿನದೂ ಇದೇ ಕಥೆ. 18 ಮಿ.ಮೀ. ಹಲಗೆಯ ಅಡಿಗೆ ಜೆಎಲ್‌ಎಫ್ ಕೂರಿಸಿದರೆ ಮೇಲೆ ಗುಂಡು ಮಾತ್ರ ಇಣುಕುತ್ತದೆ, ಹಿಡಿಯಲು ದಂಡವೇ ಇರುವುದಿಲ್ಲ. ಸ್ಟಿಕ್ಕಿನ ತಟ್ಟೆ ಕೂರುವಷ್ಟು ಜಾಗವನ್ನು ಕೆಳಗಿನಿಂದ ರೌಟರ್‌ನಲ್ಲಿ ಕೊರೆದು 6ರಿಂದ 8 ಮಿ.ಮೀ. ಉಳಿಸಿ, ಅಲ್ಲಿಗೆ ಸಣ್ಣ ಸ್ಕ್ರೂ ಹಾಕಿ. ರೌಟರ್ ಇಲ್ಲವೆಂದರೆ ಪ್ಯಾನೆಲ್ಲನ್ನೇ 9 ಮಿ.ಮೀ. ಎಂಡಿಎಫ್‌ನಲ್ಲಿ ಮಾಡಿ, ಅಡಿಗೆ ಒಂದಿಂಚಿನ ರೀಪರ್ (ಮರದ ಪಟ್ಟಿ) ಚೌಕಟ್ಟು ಕೊಡಿ. ಇಬ್ಬರು ಜೋರಾಗಿ ಆಡಿದರೂ ಬಾಗುವುದಿಲ್ಲ, ರೌಟರ್ ಕೆಲಸವೂ ಉಳಿಯಿತು. ನಮಗೆ ಇದೇ ಮೇಲು.

ಬಟನ್‌ಗಳ ನಡುವೆ ಕೇಂದ್ರದಿಂದ ಕೇಂದ್ರಕ್ಕೆ 36 ಮಿ.ಮೀ. ಇಬ್ಬರ ಪ್ಯಾನೆಲ್ ಕನಿಷ್ಠ 60 ಸೆಂ.ಮೀ.; 70 ಇದ್ದರೆ ಮೊಣಕೈ ಜಗಳ ತಪ್ಪುತ್ತದೆ. ಸಾಲುಗಳನ್ನು ಬೆರಳುಗಳ ಬಾಗಿಗೆ ತಕ್ಕಂತೆ ಓರೆಯಾಗಿಸಿದ ನಕ್ಷೆಯನ್ನು ಎರಡು ಎ3 ಹಾಳೆಯಲ್ಲಿ ಪ್ರಿಂಟ್ ತೆಗೆಸಿ. ಜೆರಾಕ್ಸ್ ಅಂಗಡಿಯ ಪ್ರಿಂಟರ್ ಕೇಳದೆಯೇ ಹಾಳೆಗೆ ತಕ್ಕಂತೆ ಕುಗ್ಗಿಸಿಬಿಡುತ್ತದೆ. ಸ್ಕೇಲ್ 100 ಇರಲಿ ಎಂದು ಹೇಳಿ, ಕೈಗೆ ಬಂದೊಡನೆ ಪಟ್ಟಿ ಇಟ್ಟು 36 ಮಿ.ಮೀ. ಇದೆಯೇ ನೋಡಿ. ಮೊದಲು ಅದನ್ನು ದಪ್ಪ ರಟ್ಟಿಗೆ ಅಂಟಿಸಿ, ತೂತು ಕತ್ತರಿಸಿ, ಬಟನ್ ಸಿಕ್ಕಿಸಿ ಒಂದು ಸಂಜೆ ಆಡಿ. ಮಣಿಕಟ್ಟು ನೋವು ಬಂದರೆ ಬದಲಾಯಿಸಬೇಕಾದದ್ದು ರಟ್ಟು ಮಾತ್ರ. ಮರ ಕೊರೆಯಲು ನುಣುಪಾದ ದುಂಡು ತೂತು ಮಾಡುವ ಫಾರ್ಸ್ಟ್ನರ್ ಬಿಟ್, ಅಡಿಗೆ ಬೇಡದ ಹಲಗೆ ತುಂಡು, ಮೇಲೆ ಮಾಸ್ಕಿಂಗ್ ಟೇಪ್. ಮೇಲ್ಹೊದಿಕೆಗೆ ಅಕ್ರಿಲಿಕ್ ಬೇಕಾದರೆ ಅದನ್ನು ನೀವು ಕೊರೆಯಬೇಡಿ, ಬಿರಿಯುತ್ತದೆ; ಲೇಸರ್ ಕಟಿಂಗ್‌ಗೆ ಕೊಡಿ.

ಎಂಟು ದಿಕ್ಕಿನ ಸ್ಟಿಕ್ಕಿನಲ್ಲಿ ಪ್ಯಾಕ್‌ಮ್ಯಾನ್ ಆಡಿದರೆ ತಿರುವಿನಲ್ಲಿ ಸಿಕ್ಕಿಕೊಂಡು ಭೂತದ ಬಾಯಿಗೆ ಬೀಳುತ್ತದೆ. ಕಾರಣ, ಮೂಲೆಯಲ್ಲಿ ಎರಡು ಸ್ವಿಚ್ ಒಟ್ಟಿಗೆ ಒತ್ತಿಹೋಗುತ್ತವೆ. ಕೆಲವು ಸ್ಟಿಕ್‌ಗಳ ಅಡಿಯಲ್ಲಿ ಚಲನೆಗೆ ಎಲ್ಲೆ ಹಾಕುವ ಚೌಕ ಗೇಟನ್ನು 45 ಡಿಗ್ರಿ ತಿರುಗಿಸಿ ಹಾಕಿದರೆ ನಾಲ್ಕೇ ದಿಕ್ಕಾಗುತ್ತದೆ. ಪ್ರತಿ ಸಲ ಬಿಚ್ಚಲು ಬೇಸರವೆಂದರೆ, ಪ್ಯಾನೆಲ್ಲಿನ ನಡುವೆ ಮೇಲ್ಗಡೆ ಮೂರನೆಯದಾಗಿ ಒಂದು ನಾಲ್ಕು ದಿಕ್ಕಿನ ಸ್ಟಿಕ್ ಇಡಿ.

ಬಟನ್ ಸಂಕೇತವನ್ನು ಕಂಪ್ಯೂಟರಿಗೆ ಒಯ್ಯುವ ಎನ್‌ಕೋಡರ್ ಬೋರ್ಡಿನಲ್ಲಿ ಮೂರು ಆಯ್ಕೆ. ಝೀರೋ ಡಿಲೇ ಬೋರ್ಡು ಅಗ್ಗ, ವೈರು ಸಿಕ್ಕಿಸಿದರೆ ಮುಗಿಯಿತು. ಆದರೆ ಎರಡೂ ಬೋರ್ಡುಗಳಿಗೆ ಒಂದೇ ಗುರುತು ಇರುವುದರಿಂದ ಮರುಬಾರಿ ಆನ್ ಮಾಡಿದಾಗ ಒಂದನೆಯವರ ಸ್ಟಿಕ್ ಎರಡನೆಯವರದಾಗಿರುತ್ತದೆ. ಲಿನಕ್ಸ್ ತಿಳಿದವರು ಯುಎಸ್‌ಬಿ ಪೋರ್ಟಿನ ಆಧಾರದಲ್ಲಿ ಯುಡೆವ್ ನಿಯಮ ಬರೆದು ಸರಿಪಡಿಸಬಹುದು. ಅಲ್ಟಿಮಾರ್ಕ್‌ನ ಐ-ಪ್ಯಾಕ್ 2 ಇಬ್ಬರ ಬಟನ್‌ಗಳನ್ನೂ ಒಂದೇ ಬೋರ್ಡಿನಲ್ಲಿ ಕೀಬೋರ್ಡ್ ಅಕ್ಷರಗಳಾಗಿ ಕಳಿಸುವುದರಿಂದ ಈ ಅದಲುಬದಲು ಇಲ್ಲ, ಹೊರದೇಶದಿಂದ ತರಿಸಬೇಕು ಅಷ್ಟೇ. ಮೂರನೆಯದು ರಾಸ್ಪ್‌ಬೆರಿ ಪೈ ಪಿಕೊ ಎಂಬ ಸಣ್ಣ ಮೈಕ್ರೊಕಂಟ್ರೋಲರ್ ಬೋರ್ಡು, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲೇ ಸಿಗುತ್ತದೆ. ಅದರ ಬೂಟ್‌ಸೆಲ್ ಬಟನ್ ಒತ್ತಿ ಹಿಡಿದು ಯುಎಸ್‌ಬಿಗೆ ಸಿಕ್ಕಿಸಿದರೆ ಪೆನ್‌ಡ್ರೈವ್‌ನಂತೆ ಕಾಣುತ್ತದೆ. ಜಿಪಿ2040-ಸಿಇ ಫರ್ಮ್‌ವೇರಿನ ಯುಎಫ್2 ಫೈಲ್ ಅದರೊಳಗೆ ಎಳೆದು ಹಾಕಿ. ಡಿಲೇ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಬೆಸುಗೆ ಹಾಕಲು ಬರುವವರಿಗೆ ಇದಕ್ಕಿಂತ ಒಳ್ಳೆಯದು ಈ ಬೆಲೆಯಲ್ಲಿ ಇಲ್ಲ. ಆಟಗಾರನಿಗೊಂದರಂತೆ ಎರಡು ಬೇಕು, ಅದಲುಬದಲಿನ ತಾಪತ್ರಯ ಇಲ್ಲೂ ಬರಬಹುದು.

ವೈರಿನ ತುದಿಯ ಲಗ್ ಅಳತೆ ಕೇಳಿ ತನ್ನಿ: ಸನ್ವಾ ಬಟನ್ನಿಗೆ 2.8 ಮಿ.ಮೀ., ದೊಡ್ಡ ಮೈಕ್ರೊಸ್ವಿಚ್ಚಿಗೆ 4.8 ಮಿ.ಮೀ. ಸಡಿಲ ಲಗ್ಗನ್ನು ಇಕ್ಕಳದಲ್ಲಿ ಒತ್ತಿ ಸಮಾಧಾನಪಟ್ಟರೆ, ಆಟದ ನಡುವೆ ಕೈಕೊಡುವುದು ಅದೇ ಬಟನ್.

ಸ್ಕ್ರೀನ್: ಇಂಚು ನೋಡಿ ಮೋಸ ಹೋಗಬೇಡಿ

ಹಳೆಯ ಗೇಮುಗಳ ಚಿತ್ರ 4:3. ಈಗಿನ 24 ಇಂಚಿನ ಅಗಲ ಮಾನಿಟರಿನ ಗಾಜು ಸುಮಾರು 531 × 299 ಮಿ.ಮೀ.; ಅದರಲ್ಲಿ 4:3 ಚಿತ್ರ ಬರುವುದು 398 × 299. ಎಸ್.ಪಿ. ರಸ್ತೆಯಲ್ಲಿ ಆಫೀಸುಗಳಿಂದ ಬಂದ 19 ಇಂಚಿನ ಹಳೆ ಚೌಕ ಮಾನಿಟರು 376 × 301. ಅದರಲ್ಲಿ 4:3 ಚಿತ್ರ 376 × 282. ಐದಿಂಚು ದೊಡ್ಡ ಮಾನಿಟರ್ ತಂದು ಗಳಿಸಿದ್ದು ಎರಡು ಸೆಂ.ಮೀ. ಅಷ್ಟೇ, ಜೊತೆಗೆ ಎರಡು ಪಕ್ಕ ಕಪ್ಪು ಪಟ್ಟಿ. ಒಬ್ಬರ ಬಾರ್‌ಟಾಪ್‌ಗೆ 45 ಸೆಂ.ಮೀ. ಒಳ ಅಗಲ ಸಾಕಾಗುವ ಚೌಕ ಮಾನಿಟರೇ ಸರಿ. ಇಬ್ಬರ ಪ್ಯಾನೆಲ್ ಹೇಗೂ 60 ದಾಟುವುದರಿಂದ ಅಲ್ಲಿ 24 ಅಥವಾ 27 ಇಂಚು ಹಾಕಿ.

ಉದ್ದ ಸ್ಕ್ರೀನಿನ ಗೇಮುಗಳೇ ನಿಮ್ಮ ಪಟ್ಟಿಯಲ್ಲಿ ಹೆಚ್ಚಿದ್ದರೆ 24 ಇಂಚನ್ನು ನಿಲ್ಲಿಸಿ ಕೂರಿಸಿದಾಗ ಪ್ಯಾಕ್‌ಮ್ಯಾನ್ ಚಿತ್ರ 299 × 398 ಆಗುತ್ತದೆ. ಅಡ್ಡ ಇಟ್ಟರೆ 224 × 299 ಮಾತ್ರ. ನಿಲ್ಲಿಸುವ ಮಾನಿಟರ್ ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಕೆಡದ ಬಗೆ) ಇರಲೇಬೇಕು. ಹಳೆಯ ಟಿಎನ್ ಪ್ಯಾನೆಲ್ ಕೆಳಗಿನಿಂದ ನೋಡಿದರೆ ಬಣ್ಣ ಕಪ್ಪಿಡುತ್ತದೆ, ನಿಲ್ಲಿಸಿದರೆ ಆ ದೋಷ ಪಕ್ಕಕ್ಕೆ ತಿರುಗಿ ಎಡಗಣ್ಣಿಗೊಂದು ಬಣ್ಣ ಬಲಗಣ್ಣಿಗೊಂದು ಬಣ್ಣ ಕಾಣುತ್ತದೆ. ಅಂಗಡಿಯಲ್ಲೇ ಮಾನಿಟರನ್ನು ಓರೆ ಹಿಡಿದು ಬಿಳಿ ಪುಟ ತೋರಿಸಲು ಹೇಳಿ.

ಹಳೆಯ ಡಬ್ಬಾ ಟಿವಿಯ ಚಿತ್ರಕ್ಕೆ ಸಾಟಿಯಿಲ್ಲ, ನಿಜ. ಗೆರೆಗೆರೆಯಾಗಿ ಮೂಡುವ ಹೊಳಪನ್ನು ಎಲ್‌ಸಿಡಿಯ ಶೇಡರ್ ಫಿಲ್ಟರ್ ಹತ್ತಿರ ಹತ್ತಿರ ಅನುಕರಿಸುತ್ತದೆ, ಮುಟ್ಟುವುದಿಲ್ಲ. ಆದರೆ 21 ಇಂಚಿನದಕ್ಕೆ 20 ಕೆ.ಜಿ.ಗೂ ಮೇಲೆ ತೂಕ, ಟ್ಯೂಬಿನ ಆನೋಡ್‌ನಲ್ಲಿ 20,000 ವೋಲ್ಟಿಗೂ ಹೆಚ್ಚು. ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಟಿವಿ ರಿಪೇರಿ ಗೊತ್ತಿಲ್ಲದವರು ಹೊರಗವಚ ಬಿಚ್ಚದೆ, ಪೂರ್ತಿ ಟಿವಿಯನ್ನೇ ಪೆಟ್ಟಿಗೆಯೊಳಗಿಡಿ. ಸಿಗ್ನಲ್ಲನ್ನು ಎನ್‌ಟಿಎಸ್‌ಸಿ 60 ಹರ್ಟ್ಸ್‌ಗೆ ಹೊಂದಿಸಿ. ಟಿವಿ ಅದನ್ನು ಒಪ್ಪದೆ ನಮ್ಮ ಕಡೆಯ ಟಿವಿ ಪದ್ಧತಿಯಾದ ಪಾಲ್ 50ಕ್ಕೆ ಇಟ್ಟರೆ ಆಟ ಜರ್ಕ್ ಹೊಡೆಯುತ್ತದೆ. ಪಕ್ಕದ ಸ್ಪೀಕರಿನ ಅಯಸ್ಕಾಂತ ಟ್ಯೂಬಿನ ಬಣ್ಣ ಕೆಡಿಸುತ್ತದೆ, ದೂರವಿಡಿ.

ಒಳಗಿನ ಕಂಪ್ಯೂಟರ್

ರಾಸ್ಪ್‌ಬೆರಿ ಪೈ 4ರ 2 ಜಿಬಿ ಮಾದರಿ ತೊಂಬತ್ತರ ದಶಕದ ಬಹುಪಾಲು 2ಡಿ ಗೇಮುಗಳನ್ನು ಎಳೆಯುತ್ತದೆ. ಪೈ 5ಕ್ಕೆ ಬಲ ಹೆಚ್ಚು, ಆದರೆ 5 ವೋಲ್ಟ್ 5 ಆಂಪ್ಸ್ ಅಡಾಪ್ಟರ್ ಬೇಕು, 3.5 ಮಿ.ಮೀ. ಆಡಿಯೊ ಜಾಕ್ ಇಲ್ಲ. ಡಿವಿಐ ಮಾನಿಟರಿಗೆ ಹಾಕುವುದಾದರೆ ಯುಎಸ್‌ಬಿ ಸೌಂಡ್ ಕಾರ್ಡ್ ಪ್ರತ್ಯೇಕ. ಎರಡೂ ಪೈಗಳಿಗೆ ಬೆಸ್ಕಾಂ ಬಗ್ಗೆ ಭಯ. ಆಟದ ನಡುವೆ ಕರೆಂಟ್ ಹೋದರೆ ಎಸ್‌ಡಿ ಕಾರ್ಡಿನ ಫೈಲ್ ಕೆಟ್ಟು ಮರುದಿನ ಬೂಟ್ ಆಗುವುದಿಲ್ಲ. ಮಳೆಗಾಲದ ಸಂಜೆಗಳಲ್ಲಿ ಇದು ಅಪರೂಪವಲ್ಲ. ಕ್ಯಾಬಿನೆಟ್‌ನ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಕೊಡಿ, ಸಿಸ್ಟಮ್ ತಯಾರಾದ ದಿನವೇ ಕಾರ್ಡಿನ ಪೂರ್ತಿ ಇಮೇಜ್ (ಯಥಾಪ್ರತಿ) ತೆಗೆದಿಡಿ. ಪೈ 4ರ 5 ಮತ್ತು 6ನೇ ಪಿನ್ ನಡುವೆ ಒಂದು ಬಟನ್ ಕೊಟ್ಟು ಸೆಟ್ಟಿಂಗಿನಲ್ಲಿ ಶಟ್‌ಡೌನ್ ಓವರ್‌ಲೇ ಹಾಕಿದರೆ ಸರಿಯಾಗಿ ಆರಿಸಿ ಮತ್ತೆ ಹೊತ್ತಿಸಬಹುದು.

ಬೆಂಗಳೂರಿನಲ್ಲಿದ್ದು ಪೈ ಹಿಂದೆಯೇ ಬೀಳುವುದಕ್ಕೆ ಕಾರಣ ಕಾಣದು. ಎಸ್.ಪಿ. ರಸ್ತೆಯಲ್ಲಿ ಕಂಪನಿಗಳು ಬಿಟ್ಟ ಪುಟ್ಟ ಡೆಸ್ಕ್‌ಟಾಪ್‌ಗಳು ರಾಶಿ ಬಿದ್ದಿರುತ್ತವೆ. ಐ5 ನಾಲ್ಕನೇ ತಲೆಮಾರಿನದರಿಂದ ಆರನೆಯದರವರೆಗೆ ಯಾವುದಾದರೂ, 8 ಜಿಬಿ ರ‍್ಯಾಮ್, ಸಣ್ಣ ಎಸ್‌ಎಸ್‌ಡಿ. ಆಡಿಯೊ ಜಾಕ್ ಇದೆ, ಹೆಚ್ಚಿನವುಗಳಲ್ಲಿ ಹಳೆ ಮಾನಿಟರಿಗೆ ವಿಜಿಎಯೂ ಇದೆ, ಮೇಮ್ ಎಂಬ ಆರ್ಕೇಡ್ ಗೇಮ್ ಓಡಿಸುವ ತಂತ್ರಾಂಶದ ಹೊಸ ಆವೃತ್ತಿಗಳು ಪೈನಲ್ಲಿ ಏದುಸಿರು ಬಿಡುವ ಕಡೆ ಇದು ಆರಾಮ. ಬಯಾಸ್‌ನಲ್ಲಿ ಕರೆಂಟ್ ಬಂದೊಡನೆ ಆನ್ ಆಗುವ ಆಯ್ಕೆ ಹಾಕಿದರೆ ಹೊರಗಿನ ಒಂದೇ ಸ್ವಿಚ್ಚಿನಲ್ಲಿ ಎಲ್ಲ ಹೊತ್ತುತ್ತದೆ. ಜಾಗ, ಬಿಸಿ ಎರಡೂ ಪೈಗಿಂತ ಹೆಚ್ಚು. ಸ್ಟ್ಯಾಂಡ್ ಇರುವ ಕ್ಯಾಬಿನೆಟ್‌ಗೆ ಅದೇನೂ ದೊಡ್ಡದಲ್ಲ. ತೆಳ್ಳನೆ ಬಾರ್‌ಟಾಪ್‌ಗೆ ಮಾತ್ರ ಪೈ. ಎರಡಕ್ಕೂ ಬ್ಯಾಟೊಸೆರಾ ಎಂಬ ಗೇಮಿಂಗ್ ಆಪರೇಟಿಂಗ್ ಸಿಸ್ಟಮ್ ಸಾಕು, 32 ಜಿಬಿ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು.

ಸಾವಿರ ಗೇಮ್ ತುಂಬಿದ ಪಂಡೋರಾ ಬಗೆಯ ಜಮ್ಮಾ ಬೋರ್ಡುಗಳೂ ಸಿಗುತ್ತವೆ. ಆರ್ಕೇಡ್ ವೈರಿಂಗಿನ 1985ರ ಜಮ್ಮಾ ಮಾನದಂಡದ 56 ಪಿನ್ನಿನ ಕನೆಕ್ಟರ್ ಸಿಕ್ಕಿಸಿದರೆ ಆಟ ಶುರು. ಹಾಳಾದರೆ ರಿಪೇರಿಯಿಲ್ಲ, ಪಟ್ಟಿಯಲ್ಲಿ ಒಂದೇ ಗೇಮಿನ ಹತ್ತು ಅವತಾರ, ತುಂಬಿಸಿದ್ದೆಲ್ಲ ಪರವಾನಗಿಯಿಲ್ಲದ ನಕಲು. ಗೇಮಿನ ನಕಲಾದ ರಾಮ್ (ROM) ಫೈಲುಗಳ ಹಕ್ಕು ಕಂಪನಿಗಳದ್ದೇ. ಮೇಮ್ ತಂಡದ ತಾಣದಲ್ಲಿ ಗ್ರಿಡ್‌ಲೀ, ರಾಬಿ ರೋಟೊನಂಥ ಕೆಲವು ಗೇಮುಗಳು ಅನುಮತಿಯೊಂದಿಗೆ ಉಚಿತವಾಗಿವೆ, ಪರೀಕ್ಷೆಗೆ ಅವು ಸಾಕು. ಇರುವ ಗೇಮ್ ಓಡುತ್ತಿಲ್ಲವೆಂದರೆ ಮೊದಲು ಆವೃತ್ತಿ ನೋಡಿ. ಮೇಮ್ 2003 ಕೋರ್‌ಗೆ 0.78ನೇ ಆವೃತ್ತಿಯ ಗೇಮ್ ಫೈಲುಗಳ ಸೆಟ್ಟೇ ಬೇಕು, ಹೊಸ ಸೆಟ್ಟಿನ ಫೈಲ್ ಕೊಟ್ಟರೆ ಕಪ್ಪು ಪರದೆ.

ಕರೆಂಟು, ಸದ್ದು, ಗಾಳಿ

ಫ್ಯೂಸ್ ಇರುವ ಮೂರು ಪಿನ್ನಿನ ಸಾಕೆಟ್ಟನ್ನು ಹಿಂಬದಿಗೆ ಕೂರಿಸಿ, ಅರ್ತ್ ವೈರನ್ನು ಸ್ಟಿಕ್ಕಿನ ಲೋಹದ ತಟ್ಟೆ, ಕಾಯಿನ್ ಡೋರ್ (ಕಾಸು ಹಾಕುವ ಬಾಗಿಲು) ಇವುಗಳಿಗೆ ಕೊಡಿ. ಎರಡು ಪಿನ್ ಪ್ಲಗ್ಗಿನಲ್ಲಿ ಎಸ್‌ಎಂಪಿಎಸ್ (ಪವರ್ ಸಪ್ಲೈ) ಓಡಿಸಿದರೆ ಒದ್ದೆ ಕೈಗೆ ಜುಮ್ಮೆನ್ನುತ್ತದೆ; ಕಾರಣ ಅದರೊಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳ ಸೋರಿಕೆ. ಸದ್ದಿಗೆ ನಾಲ್ಕಿಂಚಿನ ಕಾರ್ ಸ್ಪೀಕರ್ ಜೋಡಿ, 12 ವೋಲ್ಟಿನ ಟಿಪಿಎ3116 ಆಂಪ್ಲಿಫೈಯರ್ ಬೋರ್ಡು. ಬಾರ್‌ಟಾಪ್ ಆದರೆ 5 ವೋಲ್ಟಿನ ಪಿಎಎಂ8403 ಸಾಕು. ಗುಂಯ್ ಎನ್ನುವ ಸದ್ದು ಬಂದರೆ ಆಂಪ್ಲಿಫೈಯರಿಗೆ ಬೇರೆ ಅಡಾಪ್ಟರ್ ಕೊಡಿ ಅಥವಾ ಆಡಿಯೊ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ.

ಗಾಳಿಗೆ ಕೆಳಗೊಂದು ಸೀಳು, ಹಿಂದೆ ಮೇಲ್ಗಡೆ 120 ಮಿ.ಮೀ. ಫ್ಯಾನು. 12 ವೋಲ್ಟಿನ ಫ್ಯಾನನ್ನು 7 ವೋಲ್ಟಿನಲ್ಲಿ ಓಡಿಸಿದರೆ ಸದ್ದಿಲ್ಲ. ಎಲ್ಲ ಸೀಳುಗಳಿಗೂ ಸೊಳ್ಳೆ ಜಾಲರಿ ಹೊಡೆಯಿರಿ; ಬೆಚ್ಚಗಿನ ಕತ್ತಲೆ ಪೆಟ್ಟಿಗೆ ಕಂಡರೆ ಜಿರಳೆಗಳು ಬಿಡುವುದಿಲ್ಲ. ಮಾರ್ಕಿಗೆ 3 ಮಿ.ಮೀ. ಹಾಲುಬಣ್ಣದ ಅಕ್ರಿಲಿಕ್, ಹಿಂದೆ ಎಲ್‌ಇಡಿ ಪಟ್ಟಿ, ನಡುವೆ ಬ್ಯಾಕ್‌ಲಿಟ್ ಫಿಲ್ಮಿನ ಪ್ರಿಂಟು. ಪೋಸ್ಟರ್ ಕಾಗದದಲ್ಲಿ ಪ್ರಿಂಟ್ ಮಾಡಿಸಿದರೆ ಬೆಳಕು ಹತ್ತಿದಾಗ ಬಣ್ಣ ಪೇಲವವಾಗುತ್ತದೆ. ಸ್ಕ್ರೀನ್ ಮುಂದೆ ಟಫನ್ಡ್ ಗಾಜು ಹಾಕುವುದಾದರೆ ಜಾಗಕ್ಕಿಂತ ಎರಡು ಮಿ.ಮೀ. ಕಡಿಮೆ ಅಳತೆ ಕೊಡಿ, ಟಫನ್ ಆದ ಮೇಲೆ ಅದನ್ನು ಕೊಯ್ಯಲು ಬರುವುದಿಲ್ಲ.

ಹಿಂಬದಿ ಹಲಗೆಯನ್ನು ಸ್ಕ್ರೂ ಹೊಡೆದು ಮುಚ್ಚಬೇಡಿ. ಹಿಂಜ್ ಹಾಕಿ ಬಾಗಿಲು ಮಾಡಿ, ಮಕ್ಕಳಿದ್ದರೆ ಬೀಗ ಇರಲಿ. ಕಂಟ್ರೋಲ್ ಪ್ಯಾನೆಲ್ಲನ್ನೂ ಹಿಂಜಿನ ಮೇಲೆ ಎತ್ತುವಂತೆ ಮಾಡಿ, ವೈರುಗಳಿಗೆ ಒಂದು ಗೇಣು ಸಡಿಲ ಬಿಡಿ. ವೈರು ಬಿಗಿಯಾಗಿದ್ದರೆ ಮೊದಲ ಸಲ ಎತ್ತಿದಾಗಲೇ ಲಗ್ಗುಗಳೆಲ್ಲ ಒಟ್ಟಿಗೆ ಕಳಚಿ, ಯಾವುದು ಯಾವ ಬಟನ್ನಿನದೆಂದು ಹುಡುಕುವುದೇ ಒಂದು ದಿನದ ಕೆಲಸವಾಗುತ್ತದೆ. ಪ್ರತಿ ವೈರಿಗೂ ಮಾಸ್ಕಿಂಗ್ ಟೇಪಿನ ತುಂಡು ಸುತ್ತಿ ನಂಬರ್ ಬರೆದು, ಅದೇ ನಂಬರುಗಳ ನಕ್ಷೆಯನ್ನು ಬಾಗಿಲ ಒಳಬದಿಗೆ ಅಂಟಿಸಿ.